ಹಿಮ ತಾಳುವ ಬಿಗೋನಿಯಾ ಮತ್ತು ನನ್ನ ನೆರಳಿನ ಪಾತಿ

ಚಳಿಗಾಲದಲ್ಲಿ ಹಿಮ ಬೀಳುವ ತೋಟದಲ್ಲಿ ಬಿಗೋನಿಯಾವನ್ನು ನೆಲದಲ್ಲೇ ಬಿಟ್ಟು ಉಳಿಸಿಕೊಳ್ಳುತ್ತೇನೆ ಎಂದಾಗ ಜೊತೆಯ ತೋಟಗಾರರಲ್ಲಿ ಒಬ್ಬರೂ ನಂಬಲಿಲ್ಲ. ಇಂದು ಮರಗಳ ಕೆಳಗಿನ ಆ ಪಾತಿಯಲ್ಲಿ ಚಳಿ ತಾಳುವ ಗೆಡ್ಡೆಯ ಜಾತಿಯಾದ ಬಿಗೋನಿಯಾ ಗ್ರ್ಯಾಂಡಿಸ್‌ನ ಸುಮಾರು 200 ಗಿಡಗಳಿವೆ. ಅವುಗಳಲ್ಲಿ ಹಣ ಕೊಟ್ಟು ತಂದವು ಮೂರು ಮಾತ್ರ.

ಮೊದಲ ವರ್ಷ ಕೊಂಡದ್ದು 10 ಗಿಡ. ಆ ವರ್ಷ ತೋಟಕ್ಕೆಂದು ಎತ್ತಿಟ್ಟ ಹಣದ ಅರ್ಧಭಾಗ ಅದಕ್ಕೇ ಹೋಯಿತು. ನಾಲ್ಕು ಗಿಡಗಳು ಸತ್ತದ್ದು ಚಳಿಯಿಂದಲ್ಲ, ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಗೆಡ್ಡೆ ಕೊಳೆತು. ಇನ್ನು ಮೂರನ್ನು ನಾನೇ ಕೊಂದೆ: ಸುತ್ತಲಿನ ಗಿಡಗಳೆಲ್ಲ ಚಿಗುರಿ ವಾರಗಳು ಕಳೆದರೂ ಇವು ಮೇಲೇಳದಿದ್ದಾಗ, ಸತ್ತಿವೆಯೆಂದು ತಿಳಿದು ಅಗೆದಾಗ ಗುದ್ದಲಿಯ ಬಾಯಿಗೆ ಜೀವಂತ ಗೆಡ್ಡೆಗಳು ಸಿಕ್ಕವು. ವಸಂತ ಮುಗಿಯುವವರೆಗೆ ಆ ಜಾಗವನ್ನು ಮುಟ್ಟಬಾರದೆಂಬುದು ಆಮೇಲೆ ತಿಳಿಯಿತು.

ಉಳಿದ ಮೂರರಿಂದಲೇ ಪಾತಿ ತುಂಬಿಸಬೇಕಿತ್ತು. ಹಗಲು ಗಿಡ್ಡವಾಗುತ್ತಿದ್ದಂತೆ ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಮೂಡುವ ಮರಿಗೆಡ್ಡೆಗಳನ್ನು ಮೊದಲ ಬಾರಿ ಕಾಗದದ ಪೊಟ್ಟಣದಲ್ಲಿ ಮನೆಯೊಳಗೆ ಇಟ್ಟೆ. ವಸಂತದ ಹೊತ್ತಿಗೆ ಅವು ಒಣಗಿ ಮೆಣಸಿನಕಾಳಿನಂತಾಗಿದ್ದವು. ಮರುವರ್ಷ ಒಂದು ಬೆರಳಿನಷ್ಟು ಆಳದಲ್ಲಿ ಹೂತದ್ದರಲ್ಲಿ ಹತ್ತಕ್ಕೆ ಒಂದು ಎದ್ದಿರಬಹುದು. ಮೂರನೆಯ ವರ್ಷ, ಮುಟ್ಟಿದರೆ ತಾನಾಗಿ ಕಳಚಿಕೊಳ್ಳುವವನ್ನು ಮಾತ್ರ ಆಯ್ದು, ಹಿಂಡಿದರೆ ಹನಿ ಬೀಳದಷ್ಟು ತೇವದ ಎಲೆಗೊಬ್ಬರದಲ್ಲಿ, ತಣ್ಣಗಿದ್ದರೂ ಹೆಪ್ಪುಗಟ್ಟದ ಜಾಗದಲ್ಲಿಟ್ಟು, ವಸಂತದಲ್ಲಿ ಮಣ್ಣಿನ ಮೇಲೆಯೇ ಹರಡಿ ತೆಳ್ಳಗೆ ಎಲೆಪುಡಿ ಉದುರಿಸಿದೆ. ಸುಮಾರು 120ರಲ್ಲಿ 90ರಷ್ಟು ಚಿಗುರಿದವು. ಆ ಗೊಬ್ಬರಕ್ಕೆ ಬೆರೆಸುವ ಇನ್ನೊಂದು ವಸ್ತುವನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಕಷ್ಟಪಟ್ಟು ಕಂಡುಕೊಂಡದ್ದು.

ನಡುವೆ, ಹಗಲನ್ನು ಗಿಡ್ಡಮಾಡಿ ನೋಡಲು, ಒಂದು ಕುಂಡಕ್ಕೆ ನಡುಬೇಸಿಗೆಯಲ್ಲೇ ದಿನಕ್ಕೆ 14 ಗಂಟೆ ಕಪ್ಪು ಪೆಟ್ಟಿಗೆ ಮುಚ್ಚಿ ಕತ್ತಲು ಕೊಟ್ಟೆ. ಮೂರು ನಾಲ್ಕು ವಾರಗಳಲ್ಲಿ ಮರಿಗೆಡ್ಡೆಗಳು ಬಂದವು, ಆದರೆ ಗಿಡದ ಬೆಳವಣಿಗೆ ಅಲ್ಲಿಗೇ ನಿಂತಿತು. ಬೇಸಿಗೆಯ ಕೊನೆಯಲ್ಲಿ ನೆಟ್ಟ ಕಾಂಡದ ತುಂಡುಗಳು ಬೇರುಬಿಟ್ಟರೂ ಗೆಡ್ಡೆ ಕಟ್ಟುವ ಮೊದಲೇ ಚಳಿ ಬಂದು ಎಲ್ಲವೂ ಹೋದವು. ಕಿತ್ತಳೆ ಹೂವಿನ ಇನ್ನೊಂದು ಜಾತಿ, ಬಿಗೋನಿಯಾ ಸದರ್‌ಲ್ಯಾಂಡೈ ಕೂಡ ಮರಿಗೆಡ್ಡೆ ಕೊಡುತ್ತದೆ. ಬೂದಿರೋಗಕ್ಕೆ ಬೇಗ ತುತ್ತಾಗುವುದರಿಂದ ಅದನ್ನು ಕೈಬಿಟ್ಟೆ.

ಗ್ರ್ಯಾಂಡಿಸ್‌ನ ನಿಜವಾದ ಚೆಲುವು ಎಲೆಯ ಅಡಿಭಾಗದ ಕೆಂಪು ನರಗಳಲ್ಲಿದೆ. ಆದ್ದರಿಂದ ಪಾತಿಯ ಎತ್ತರದ ಅಂಚಿನಲ್ಲಿ, ಸಂಜೆಯ ಓರೆಬಿಸಿಲು ಹಿಂದಿನಿಂದ ಬೀಳುವಂತೆ ಅವನ್ನು ನೆಟ್ಟಿದ್ದೇನೆ. ಇಳಿಜಾರಿನಿಂದ ನೀರೂ ಬಸಿದುಹೋಗುತ್ತದೆ. ಈ ಬಾರಿ ಗ್ರ್ಯಾಂಡಿಸ್‌ನದೇ ಬಿಳಿ ಹೂವಿನ ಬಗೆಯಾದ ಆಲ್ಬಾದಿಂದ 40ರಷ್ಟು ಮರಿಗೆಡ್ಡೆಗಳು ಸಿಕ್ಕಿವೆ. ಬೀಜದಂತಲ್ಲದೆ ಇವು ತಾಯಿಗಿಡದ ಗುಣವನ್ನೇ ಉಳಿಸಿಕೊಳ್ಳುತ್ತವೆಯಾದರೂ, ಬೆರೆತುಹೋದರೆ ಹೂಬಿಡುವವರೆಗೆ ಬೇರ್ಪಡಿಸುವುದು ಕಷ್ಟವೆಂದು ಅವನ್ನು ಪ್ರತ್ಯೇಕ ಡಬ್ಬಿಯಲ್ಲಿ ಗುರುತು ಹಾಕಿ ಇಟ್ಟಿದ್ದೇನೆ.