ನಮ್ಮೂರಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ

ಮನೆಯಲ್ಲಿ ಬಿಯರ್ ಮಾಡಲು ಹೊರಟ ಮೊದಲ ವರ್ಷ ನಾನು ಇಟ್ಟ ನಾಲ್ಕು ಬ್ಯಾಚೂ ಒಂದೇ ರೀತಿ ಕೆಟ್ಟವು. ಹುಳಿಯಾಗಲಿಲ್ಲ, ವಾಸನೆ ಬರಲಿಲ್ಲ. ನೊರೆ ಬಂತು, ಬಣ್ಣವೂ ಚೆನ್ನಾಗಿಯೇ ಬಂತು. ಬಾಯಿಗೆ ಹಾಕಿದರೆ ಮಾತ್ರ ನೀರು ಹೆಚ್ಚಾದ ಮಜ್ಜಿಗೆಯ ಹಾಗೆ, ನಾಲಗೆ ಮೇಲೆ ಏನೂ ನಿಲ್ಲುತ್ತಿರಲಿಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬದಲಿಸಿದೆ, ಯೀಸ್ಟ್ ಬದಲಿಸಿದೆ. ತಪ್ಪು ಇದ್ದದ್ದು ಅಲ್ಲೆಲ್ಲೂ ಅಲ್ಲ, ಥರ್ಮಾಮೀಟರಿನ ಹಿಂದಿದ್ದ ಒಂದು ಸಣ್ಣ ತಿರುಪಿನಲ್ಲಿ.

ಮಡಿಕೇರಿ ಪಕ್ಕದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ದ್ರಾಕ್ಷಿ, ಶುಂಠಿ, ಕಿತ್ತಳೆ, ಯಾವುದು ಸಿಕ್ಕರೆ ಅದರ ವೈನ್ ಮಾಡುವುದು ಅವ್ವನ ಕಾಲದಿಂದಲೂ ಮನೆಯಲ್ಲಿದೆ. ವೈನಿಗೆ ಬೇಕಾದ ಸಕ್ಕರೆ ಹಣ್ಣಿನಲ್ಲೇ ಇರುತ್ತದೆ, ಸಾಲದಿದ್ದರೆ ಡಬ್ಬದಿಂದ ಹಾಕಿದರಾಯಿತು. ಬಾರ್ಲಿಯಲ್ಲಿ ಹಾಗಲ್ಲ. ಅದರಲ್ಲಿರುವುದು ಪಿಷ್ಟ, ಯೀಸ್ಟ್ ಪಿಷ್ಟವನ್ನು ಮುಟ್ಟುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ಒಡೆದು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಟ್ಟರೆ, ಕಾಳಿನೊಳಗಿನ ಕಿಣ್ವಗಳೇ ಆ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಇದೇ ಮ್ಯಾಶ್. ಮೊಳಕೆ ರಾಗಿ ಹಿಟ್ಟಿನ ಗಂಜಿಯನ್ನು ಸಣ್ಣ ಉರಿಯಲ್ಲಿ ಕಾಯಿಸುವಾಗ ಅದು ಗಟ್ಟಿಯಾಗದೆ ತೆಳ್ಳಗೇ ಉಳಿಯುತ್ತದಲ್ಲ, ಅಲ್ಲಿ ನಡೆಯುವುದೂ ಇದೇ.

ಕೆಲಸಕ್ಕೆ ಇಳಿಯುವವು ಮುಖ್ಯವಾಗಿ ಎರಡು ಕಿಣ್ವ. ಪಿಷ್ಟವನ್ನು ಒಂದು ಉದ್ದ ಕಬ್ಬಿನ ಜಲ್ಲೆ ಅಂದುಕೊಳ್ಳಿ. ಬೀಟಾ ಅಮೈಲೇಸ್ ತುದಿಯಿಂದ ಒಂದೇ ಅಳತೆಯ ಚಿಕ್ಕ ತುಂಡು ಕತ್ತರಿಸುತ್ತಾ ಬರುತ್ತದೆ. ಆ ತುಂಡುಗಳನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ. ಇದಕ್ಕೆ 60ರಿಂದ 65 ಡಿಗ್ರಿ ಹಿತ, 67 ದಾಟಿದರೆ ಬೇಗ ಸೋಲುತ್ತದೆ. ಆಲ್ಫಾ ಅಮೈಲೇಸ್ ಜಲ್ಲೆಯನ್ನು ಮಧ್ಯದಲ್ಲಿ ಎಲ್ಲೆಂದರಲ್ಲಿ ಕಡಿಯುತ್ತದೆ, 68ರಿಂದ 72ರಲ್ಲಿ ಅದರ ಕೈ ಜೋರು. ಅದು ಬಿಟ್ಟ ದೊಡ್ಡ ತುಂಡುಗಳು ಯೀಸ್ಟಿಗೆ ದಕ್ಕದೆ ಬಿಯರಿನಲ್ಲೇ ಉಳಿದು ಮೈ ಕೊಡುತ್ತವೆ. ಹಾಗಾಗಿ 63ರಲ್ಲಿ ಮ್ಯಾಶ್ ಮಾಡಿದರೆ ಬಿಯರ್ ತೆಳು, ಅಮಲು ಸ್ವಲ್ಪ ಹೆಚ್ಚು. 69ರಲ್ಲಿ ಮಾಡಿದರೆ ದಪ್ಪ, ಸಿಹಿಯ ಕಡೆಗೆ. ನನಗೆ ಬೇಕಿದ್ದದ್ದು ನಡುವಿನ 66.

ಈಗ ತಿರುಪಿನ ವಿಷಯ. ನಾನು ಕೊಂಡದ್ದು ಮುಳ್ಳಿನ ಥರ್ಮಾಮೀಟರ್. ಕುದಿಯುವ ನೀರಿನಲ್ಲಿ ಅದ್ದಿ 100ಕ್ಕೆ ಹೊಂದಿಸಿಕೊಳ್ಳಿ ಅಂತ ಜೊತೆಗಿದ್ದ ಚೀಟಿಯಲ್ಲಿತ್ತು. ಅದ್ದಿದೆ. ನೀರು ಕೊತಕೊತ ಕುದಿಯುತ್ತಿದೆ, ಮುಳ್ಳು ಮಾತ್ರ 96ಕ್ಕೆ ನಿಂತಿದೆ. ಮಾಲು ಸರಿಯಿಲ್ಲ ಅಂದುಕೊಂಡು ಸ್ಪ್ಯಾನರ್ ಹಿಡಿದು ತಿರುಪು ತಿರುಗಿಸಿ 100ಕ್ಕೆ ತಂದು ನಿಲ್ಲಿಸಿದೆ. ಸರಿಯಿದ್ದ ಥರ್ಮಾಮೀಟರನ್ನು ನನ್ನ ಕೈಯಾರೆ ಕೆಡಿಸಿದ್ದು ಆ ಗಳಿಗೆಯಲ್ಲಿ.

ಗೊತ್ತಾಗಿದ್ದು ಮಂಗಳೂರಿನ ಅಕ್ಕನ ಮನೆಯಲ್ಲಿ. ಭಾವನಿಗೂ ಈ ಹುಚ್ಚು ಹಿಡಿಸೋಣ ಅಂತ ಸಾಮಾನೆಲ್ಲ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ಪಾತ್ರೆ ಕುದಿ ಬಂದಾಗ ಮುಳ್ಳು 104 ತೋರಿಸಿತು. ಭಾವ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು.

"ಇದನ್ನು 100ಕ್ಕೆ ಹೊಂದಿಸಿದ್ದು ಎಲ್ಲಿ ಮಾರಾಯ?"

"ಮನೆಯಲ್ಲೇ ಭಾವ."

"ಅದೇ ಮತ್ತೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ನಿಮ್ಮಲ್ಲಿ ನೀರು 96ಕ್ಕೇ ಕುದಿಯುತ್ತದೆ."

ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಅಂದರೆ ವರ್ಷವಿಡೀ ನಾನು 66 ಅಂತ ಓದಿದ್ದು ನಿಜದಲ್ಲಿ 62. 1.052ರಲ್ಲಿ ಶುರುವಾದ ಗ್ರಾವಿಟಿ (ನೀರನ್ನು 1 ಅಂತ ಹಿಡಿದು ಅಳೆಯುವ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಷ್ಟೂ ಇಳಿಯುತ್ತದೆ) 1.007ಕ್ಕೆ ಇಳಿದುಬಿಡುತ್ತಿದ್ದದ್ದು ಯಾಕೆ ಅಂತ ಅವತ್ತು ಅರ್ಥವಾಯಿತು. ಹುದುಗು ತುಂಬ ಚೆನ್ನಾಗಿ ಬಂದಿದೆ ಅಂತ ನಾನು ಹಿಗ್ಗಿದ್ದೆ! ಯೀಸ್ಟಿಗೆ ಬಡಿಸಿದ್ದನ್ನೆಲ್ಲ ಅದು ತಿಂದಿತ್ತು, ಕುಡಿಯುವವರಿಗೆ ಏನೂ ಉಳಿದಿರಲಿಲ್ಲ.

ಈಗ ನಾನು ಕುದಿಯುವ ನೀರನ್ನು ನೆಚ್ಚುವುದಿಲ್ಲ. ಪುಡಿ ಮಾಡಿದ ಐಸಿಗೆ ಸ್ವಲ್ಪವೇ ನೀರು ಬೆರೆಸಿ, ಕಲಕಿ, ಅದರಲ್ಲಿ ಥರ್ಮಾಮೀಟರ್ ಇಟ್ಟು 0 ನೋಡುತ್ತೇನೆ, ಅದು ಬೆಟ್ಟದಲ್ಲೂ ಕಡಲತೀರದಲ್ಲೂ ಒಂದೇ. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಜ್ವರದ ಥರ್ಮಾಮೀಟರಿನ ಜೊತೆ 40ರ ಹತ್ತಿರ ತಾಳೆ ನೋಡುತ್ತೇನೆ. ಎರಡೂ ಕಡೆ ಸರಿ ಬಂದರೆ ಮಾತ್ರ ಮಾಲ್ಟ್ ಡಬ್ಬ ತೆಗೆಯುವುದು.

ಇನ್ನು ಲೆಕ್ಕ. ನನ್ನದು 5 ಕೆಜಿ ಮಾಲ್ಟಿಗೆ 15 ಲೀಟರ್ ನೀರು. ಮಾಲ್ಟ್ ತಣ್ಣಗಿರುತ್ತದೆ, ಸುರಿದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ. ಆದ್ದರಿಂದ ನೀರು 66ಕ್ಕಿಂತ ಎಷ್ಟು ಹೆಚ್ಚು ಬಿಸಿ ಇರಬೇಕು ಅನ್ನುವುದೇ ಪ್ರಶ್ನೆ. ಕೆಜಿಗೆ ಎಷ್ಟು ಲೀಟರ್ ನೀರೋ ಅದರಿಂದ 0.41ನ್ನು ಭಾಗಿಸಿ, ಬಂದದ್ದನ್ನು ನಮಗೆ ಬೇಕಾದ ಬಿಸಿಗೂ ಮಾಲ್ಟಿನ ಬಿಸಿಗೂ ಇರುವ ಅಂತರದಿಂದ ಗುಣಿಸಿ, ಗುರಿಗೆ ಕೂಡಿಸಬೇಕು. ಜನವರಿಯ ಬೆಳಿಗ್ಗೆ ನಮ್ಮ ಉಗ್ರಾಣದಲ್ಲಿ ಮಾಲ್ಟ್ 14 ಡಿಗ್ರಿ ಇರುತ್ತದೆ. ಅಂತರ 52, ಉತ್ತರ ಸುಮಾರು 73. ಏಪ್ರಿಲ್ ಮಧ್ಯಾಹ್ನ ಮಾಲ್ಟ್ 28 ಇದ್ದರೆ 71 ಸಾಕು. ಒಂದೇ ಮನೆ, ಒಂದೇ ಪಾತ್ರೆ, ಋತು ಬದಲಾದರೆ ಎರಡು ಡಿಗ್ರಿ ವ್ಯತ್ಯಾಸ.

ಈ ಲೆಕ್ಕಕ್ಕೆ ಸಿಗದ ಕಳ್ಳ ಪಾತ್ರೆ. ತಣ್ಣಗಿನ ಸ್ಟೀಲ್ ಪಾತ್ರೆಗೆ ಬಿಸಿನೀರು ಸುರಿದರೆ ಅದೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಅದಕ್ಕೇ ಮ್ಯಾಶ್ ಮಾಡುವ ಪಾತ್ರೆಯಲ್ಲೇ ನೀರು ಕಾಯಿಸುತ್ತೇನೆ. 74ಕ್ಕೆ ತಂದು, ಗ್ಯಾಸ್ ಆರಿಸಿ, ಮುಚ್ಚಳ ಹಾಕಿ ಐದು ನಿಮಿಷ ಬಿಟ್ಟು, ಬೇಕಾದ ಬಿಸಿಗೆ ಇಳಿದ ಮೇಲೆ ಮಾಲ್ಟ್ ಸುರಿಯುವುದು. ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ, ಗಂಟಿನ ಒಳಗೆ ಒಣ ಹಿಟ್ಟು ಹಾಗೇ ಉಳಿಯುತ್ತದೆ. ಒಬ್ಬರು ಸುರಿಯಬೇಕು, ಒಬ್ಬರು ಮರದ ಸೌಟಿನಲ್ಲಿ ತಳದಿಂದ ಎತ್ತಿ ತಿರುವಬೇಕು. ನಮ್ಮಲ್ಲಿ ಸುರಿಯುವುದು ಅವ್ವ. ಅವರ ಕೈಯ ನಿಧಾನ ನನಗಿಲ್ಲ.

ಒಂದೇ ಕಡೆ ಅಳೆದು ನಂಬುವುದು ಎರಡನೇ ದೊಡ್ಡ ತಪ್ಪು. ಒಮ್ಮೆ ಮೇಲ್ಗಡೆ 64 ಕಂಡು ಉರಿ ಹಚ್ಚಿದೆ. ತಳ ಆಗಲೇ 72ರ ಮೇಲಿತ್ತು. ಆ ಬ್ಯಾಚ್ 1.020ಕ್ಕೇ ನಿಂತು ಪಾನಕದಂತಾಯಿತು. ಈಗ ಚೆನ್ನಾಗಿ ತಿರುವಿ ತಳ, ನಡು, ಅಂಚು ಮೂರೂ ಕಡೆ ನೋಡುತ್ತೇನೆ. ಮಾಲ್ಟ್ ಬಿದ್ದ ಮೇಲೆ ನೇರ ಉರಿ ಹಚ್ಚುವುದೇ ಇಲ್ಲ. ಬಿಸಿ ಕಡಿಮೆಯಾದರೆ ಪಕ್ಕದಲ್ಲಿ ಕುದಿಯುತ್ತಿರುವ ನೀರನ್ನು ಬೆರೆಸುತ್ತೇನೆ. ನನ್ನ ಅಳತೆಗೆ ಒಂದು ಲೀಟರ್ ಕುದಿನೀರು 64ರಿಂದ ಸುಮಾರು 1.8 ಡಿಗ್ರಿ ಏರಿಸುತ್ತದೆ. ಇಲ್ಲೂ 96 ಅಂತಲೇ ಲೆಕ್ಕ ಹಿಡಿಯಬೇಕು. ಬಿಸಿ ಹೆಚ್ಚಾಗಿದ್ದರೆ ತಡ ಮಾಡುವಂತಿಲ್ಲ. 70 ದಾಟಿದಲ್ಲಿ ಬೀಟಾ ನಿಮಿಷಗಳಲ್ಲಿ ಸಾಯುತ್ತದೆ, ಆಮೇಲೆ ತಣಿಸಿದರೂ ಸತ್ತದ್ದು ಏಳುವುದಿಲ್ಲ. ಅದಕ್ಕೇ ಒಂದು ಚೊಂಬು ತಣ್ಣೀರು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತೇನೆ.

ಒಂದು ಗಂಟೆ ಬಿಸಿ ಹಿಡಿದಿಡುವುದಕ್ಕೆ ಕರೆಂಟಿನ ಸಾಮಾನು ಸಿಗುತ್ತದೆ, ಆದರೆ ಜುಲೈ ತಿಂಗಳಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕತ್ತಲೆ. ನಾನು ನೆಚ್ಚಿದ್ದು ಕಾಫಿ ಗೋಣಿಯನ್ನು. ಅಡಿಗೆ ಒಣ ಭತ್ತದ ಹುಲ್ಲು, ಸುತ್ತ ನಾಲ್ಕು ಮಡಿಕೆ ಗೋಣಿ, ಮುಚ್ಚಳದ ಮೇಲೆ ಹಳೆಯ ಕಂಬಳಿ. ಗ್ಯಾಸ್ ಪೂರ್ತಿ ಆರಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಇದೆಲ್ಲ. ಬರಿ ಪಾತ್ರೆ ಚಳಿಗಾಲದಲ್ಲಿ ಗಂಟೆಗೆ ಐದು ಡಿಗ್ರಿ ಕಳೆದುಕೊಳ್ಳುತ್ತಿತ್ತು. ಹೀಗೆ ಹೊದಿಸಿದರೆ ಒಂದೂವರೆ. ನಡುವೆ ಮುಚ್ಚಳ ತೆಗೆದು ಇಣುಕುವ ಆಸೆಯನ್ನು ತಡೆದುಕೊಳ್ಳಬೇಕು, ಪ್ರತಿ ಇಣುಕಿಗೂ ಬಿಸಿ ಸೋರುತ್ತದೆ. ನಾನು ಅರ್ಧ ಗಂಟೆಗೆ ಒಂದೇ ಸಲ ತಿರುವುತ್ತೇನೆ.

ಕೆಲಸ ಮುಗಿಯಿತೋ ಇಲ್ಲವೋ ನೋಡಲು ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ ಸಾಕು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದು ಚಮಚ ತಿಳಿ ಹಾಕಿ, ತಣಿದ ಮೇಲೆ ಒಂದು ಹನಿ ಬಿಡುತ್ತೇನೆ. ಹತ್ತು ನಿಮಿಷದ ಮ್ಯಾಶಿನಲ್ಲಿ ತೆಗೆದ ತಿಳಿ ಹನಿ ತಾಗಿದ ಜಾಗದಲ್ಲಿ ನೇರಳೆ ಹಣ್ಣು ಹಿಚುಕಿದ ಹಾಗೆ ಕಪ್ಪುನೀಲಿಯಾಗುತ್ತದೆ. ಗಂಟೆ ಕಳೆದ ಮೇಲೆ ತೆಗೆದದ್ದರಲ್ಲಿ ಹನಿ ತನ್ನ ಕಂದು ಬಣ್ಣದಲ್ಲೇ ಹರಡಿ ನಿಲ್ಲುತ್ತದೆ. ಕಾಳಿನ ಸಿಪ್ಪೆ ತಟ್ಟೆಗೆ ಬೀಳಬಾರದು, ಅದು ಯಾವಾಗಲೂ ಕಪ್ಪಾಗಿ ದಾರಿ ತಪ್ಪಿಸುತ್ತದೆ. ಪರೀಕ್ಷೆಯಾದ ತಟ್ಟೆಯನ್ನು ತೊಳೆದುಬಿಡುವುದೇ, ಅದರ ತಿಳಿ ಪಾತ್ರೆಗೆ ವಾಪಸು ಹಾಕುವಂತಿಲ್ಲ.

ಹೋದ ಸಲ 66.5ರಲ್ಲಿ ಗೋಣಿ ಮುಚ್ಚಿದ್ದು, ತೆಗೆದಾಗ 65. ಗ್ರಾವಿಟಿ 1.012ಕ್ಕೆ ನಿಂತಿತು. ಭಾವ ಬಂದಿದ್ದಾಗ ಒಂದು ಲೋಟ ಕೊಟ್ಟೆ. ಮಾತಾಡದೆ ಕುಡಿದು, ಲೋಟವನ್ನು ಮತ್ತೆ ಚಾಚಿದರು. ಮುಂದಿನದಕ್ಕೆ ಕಡು ಬಣ್ಣದ ಮಾಲ್ಟ್ ಸ್ವಲ್ಪ ಸೇರಿಸಿ 68ರಲ್ಲಿ ಇಡಬೇಕೆಂದಿದ್ದೇನೆ. ಮಾಲ್ಟ್ ಮಳೆಗಾಲದ ಶೀತ ತಾಗದ ಹಾಗೆ ತಗಡಿನ ಡಬ್ಬದಲ್ಲಿ ಭದ್ರವಾಗಿದೆ, ಮಳೆ ನಾಲ್ಕು ದಿನ ಬಿಡುವು ಕೊಟ್ಟು ಗೋಣಿ ಒಣಗಬೇಕು ಅಷ್ಟೆ.