ಆ್ಯಪ್‌ನ ಹಿಂದಿರುವ ಔಷಧ ಅಂಗಡಿಯನ್ನು ಪರೀಕ್ಷಿಸುವ ಬಗೆ

ಮೊಬೈಲಿನಲ್ಲಿ ಔಷಧ ತರಿಸುವಾಗ ನಮಗೆ ಕಾಣುವುದು ಆ್ಯಪ್‌ನ ಹೆಸರು ಮಾತ್ರ; ಮಾತ್ರೆಯನ್ನು ಕಟ್ಟಿ ಕಳುಹಿಸುವುದು ಬಹಳಷ್ಟು ಸಲ ಬೇರೆಲ್ಲೋ ಇರುವ ಒಂದು ಮೆಡಿಕಲ್ ಸ್ಟೋರ್. ಆದ್ದರಿಂದ ಹಣ ಕಟ್ಟುವ ಮೊದಲೇ ಆ ಅಂಗಡಿಯ ಹೆಸರು, ವಿಳಾಸ ಮತ್ತು ಔಷಧ ಪರವಾನಗಿಯ ಸಂಖ್ಯೆಯನ್ನು ಹುಡುಕಿ ನೋಡಬೇಕು. ಇ-ಫಾರ್ಮಸಿಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಪ್ರಕಟಿಸಿದ ನಿಯಮಗಳು ವರ್ಷಗಟ್ಟಲೆ ಕರಡಾಗಿಯೇ ಉಳಿದಿದ್ದರಿಂದ, ‘ಸರ್ಕಾರದ ಮಾನ್ಯತೆ ಪಡೆದ ಇ-ಫಾರ್ಮಸಿ’ ಎಂಬ ಮುದ್ರೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬೆಲೆಯಿರುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅಡಿಯಲ್ಲಿ ಚಿಲ್ಲರೆ ಅಂಗಡಿಗೆ ಸಿಗುವ ನಮೂನೆ 20 ಮತ್ತು 21ರ ಪರವಾನಗಿಗಳಿಗೆ, ಮತ್ತು ಅಲ್ಲಿ ಕುಳಿತು ಚೀಟಿ ನೋಡುವ ನೋಂದಾಯಿತ ಫಾರ್ಮಸಿಸ್ಟರಿಗೆ. ಪರವಾನಗಿಯ ಬಗ್ಗೆ ಅನುಮಾನ ಬಂದರೆ ನಿಮ್ಮ ಭಾಗದ ಔಷಧ ಪರಿವೀಕ್ಷಕರ ಕಚೇರಿಯಲ್ಲಿ ವಿಚಾರಿಸಬಹುದು.

ವೈದ್ಯರ ಚೀಟಿ ಕೇಳುವುದನ್ನು ಗ್ರಾಹಕರು ಕಿರಿಕಿರಿ ಎಂದುಕೊಳ್ಳುತ್ತಾರೆ, ಆದರೆ ಅಂಗಡಿ ನೆಟ್ಟಗಿದೆ ಎನ್ನುವುದಕ್ಕೆ ಅದೇ ಮುಖ್ಯ ಗುರುತು. ಆತಂಕ ತಗ್ಗಿಸಲು ಕೊಡುವ, ಚಟ ಹಿಡಿಸಬಲ್ಲ ಆಲ್ಪ್ರಜೋಲಂನಂಥ ಮಾತ್ರೆಯನ್ನು ಚೀಟಿಯಿಲ್ಲದೆ ಕಳುಹಿಸಲು ಒಪ್ಪುವ ತಾಣದಲ್ಲಿ ಕೆಮ್ಮಿನ ಔಷಧವನ್ನೂ ಕೊಳ್ಳಬಾರದು.

ಪೆಟ್ಟಿಗೆ ಮನೆಗೆ ಬಂದ ಮೇಲೆ ಬಿಲ್ಲನ್ನೂ ಸ್ಟ್ರಿಪ್ಪನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಬಿಲ್ಲಿನಲ್ಲಿರುವ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಸ್ಟ್ರಿಪ್ಪಿನ ಮೇಲಿನದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸ್ಟ್ರಿಪ್ಪನ್ನು ಕತ್ತರಿಸಿ ಕಳುಹಿಸಿದ್ದು ಆ ವಿವರವಿರುವ ತುದಿಯೇ ಇಲ್ಲದಿದ್ದರೆ ಅಂಥದ್ದನ್ನು ಹಿಂದಿರುಗಿಸುವುದೇ ಸರಿ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ, 2023ರ ಆಗಸ್ಟ್ 1ರಿಂದ ತಯಾರಾದವುಗಳಿಗೆ, ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿದಾಗ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕಗಳು ಬರುತ್ತವೆ. ಕೋಡ್ ತೆರೆದುಕೊಂಡಿತು ಎಂದು ಸಮಾಧಾನಪಟ್ಟರೆ ಸಾಲದು, ಏಕೆಂದರೆ ಕೋಡನ್ನೂ ನಕಲು ಮಾಡಬಹುದು. ಬಂದ ವಿವರ ಕೈಯಲ್ಲಿರುವ ಸ್ಟ್ರಿಪ್ಪಿಗೆ ತಾಳೆಯಾಗಬೇಕು.

ಇನ್ಸುಲಿನ್‌ನ ಮಾತೇ ಬೇರೆ. ಬಳಕೆಗೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಕೊರಿಯರ್ ಗಾಡಿಯಲ್ಲಿ ಅಲೆದು, ತಂಪಿಗೆಂದು ಇಟ್ಟ ಜೆಲ್ ಪ್ಯಾಕ್ ಪೂರ್ತಿ ಕರಗಿ ಬೆಚ್ಚಗಾಗಿ ಬಂದ ಪೆಟ್ಟಿಗೆಯನ್ನು ಬಾಗಿಲಲ್ಲೇ ನಿರಾಕರಿಸಬೇಕು. ಹೆಪ್ಪುಗಟ್ಟಿ ಬಂದದ್ದೂ ಅಷ್ಟೇ ನಿರುಪಯೋಗಿ. ನನ್ನನ್ನು ಕೇಳಿದರೆ, ಇದೊಂದನ್ನು ಊರಿನ ಅಂಗಡಿಯ ಫ್ರಿಜ್‌ನಿಂದಲೇ ತರುವುದು ವಾಸಿ.

ಎಲ್ಲಿಯಾದರೂ ವ್ಯತ್ಯಾಸ ಕಂಡರೆ ಔಷಧವನ್ನು ಸೇವಿಸಬೇಡಿ, ಎಸೆಯಲೂ ಬೇಡಿ; ಪೆಟ್ಟಿಗೆ, ಬಿಲ್ ಮತ್ತು ಸ್ಟ್ರಿಪ್ಪನ್ನು ಹಾಗೆಯೇ ಇಟ್ಟುಕೊಂಡು ಔಷಧ ಪರಿವೀಕ್ಷಕರಿಗೆ ಲಿಖಿತ ದೂರು ಕೊಡಿ.