ರಟ್ಟಿನ ಮಗ್ಗ, ಉಲನ್ ದಾರ: ಮಕ್ಕಳಿಗೆ ನೇಯ್ಗೆ ಕಲಿಸುವುದು ಹೇಗೆ?

ಚಿತ್ರಕಲೆಯ ಅವಧಿ ಎಂದೊಡನೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹಾಳೆ, ಕ್ರೇಯಾನ್ ಹೊರಬರುತ್ತವೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲಿ ತೆಂಗಿನಮರ. ತನಗೆ ಚಿತ್ರ ಬರೆಯಲು ಬರುವುದೇ ಇಲ್ಲ ಎಂದು ಮೂರನೇ ತರಗತಿಗೇ ತೀರ್ಮಾನಿಸಿಕೊಂಡ ಮಕ್ಕಳು ಆ ಹೊತ್ತಿನಲ್ಲಿ ಹಿಂದಿನ ಬೆಂಚಿಗೆ ಸರಿದುಬಿಡುತ್ತಾರೆ. ಅಂಥ ಮಕ್ಕಳ ಕೈಗೆ ಒಂದು ರಟ್ಟಿನ ಮಗ್ಗವನ್ನೂ ಸ್ವಲ್ಪ ಉಲನ್ ದಾರವನ್ನೂ ಕೊಟ್ಟು ನೋಡಿ. ನೇಯ್ಗೆಗೆ ಚೆನ್ನಾಗಿ ಬರೆಯುವ ಕೈ, ಬರೆಯಲಾರದ ಕೈ ಎಂಬ ಭೇದವಿಲ್ಲ. ಒಂದು ದಾರದ ಮೇಲೆ, ಮುಂದಿನದರ ಕೆಳಗೆ, ಇಷ್ಟು ತಿಳಿದರೆ ಬಟ್ಟೆ ಕಣ್ಣೆದುರೇ ಬೆಳೆಯುತ್ತದೆ.

ಶಾಲೆಗೆ ಇದು ಹೊಸತೂ ಅಲ್ಲ. 1937ರ ವಾರ್ಧಾ ಶಿಕ್ಷಣ ಸಮ್ಮೇಳನದ ನಂತರ ಗಾಂಧೀಜಿಯವರ ನಯೀ ತಾಲೀಮ್ ಕೈಕಸುಬನ್ನು ಪಾಠದ ನಡುವೆಯೇ ತಂದಿತ್ತು. ಶಾಲೆಯಲ್ಲಿ ತಕಲಿ ಹಿಡಿದು ನೂಲು ತೆಗೆದ ಹಿರಿಯರು ಈಗಲೂ ಎಷ್ಟೋ ಊರುಗಳಲ್ಲಿದ್ದಾರೆ. ಅಂಥವರೊಬ್ಬರು ಸಿಕ್ಕರೆ ಮೊದಲ ದಿನ ತರಗತಿಗೆ ಕರೆಯಿರಿ.

ಇಲ್ಲಿ ಹೇಳುವ ಕ್ರಮ ಮೂರರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ. ನಲವತ್ತು ನಿಮಿಷದ ಆರು ಅವಧಿಗಳು ಬೇಕು. ಜೂನ್ ಕೊನೆಯಲ್ಲಿ ಶುರು ಮಾಡಿದರೆ ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಮಕ್ಕಳ ನೇಯ್ಗೆ ಗೋಡೆಯ ಮೇಲೆ ಇರುತ್ತದೆ. 1905ರಲ್ಲಿ ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿ ಘೋಷಣೆಯಾದ ದಿನವದು. 2015ರಿಂದ ಕೈಮಗ್ಗ ದಿನವೆಂದು ಆಚರಿಸುತ್ತಿದ್ದೇವೆ.

ಏನೇನು ಕೂಡಿಸಿಡಬೇಕು

ದಿನಸಿ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳು, ಪೊಟ್ಟಣ ಕಟ್ಟುವ ದಪ್ಪ ಹತ್ತಿ ದಾರ, ಬೇರೆ ಬೇರೆ ಬಣ್ಣದ ಉಲನ್ ದಾರ, ಟೇಪ್, ಕತ್ತರಿ, ಅಳತೆಪಟ್ಟಿ, ತೆಂಗಿನ ಕಡ್ಡಿಪೊರಕೆಯ ಕೆಲವು ಕಡ್ಡಿಗಳು, ಹಳೆಯ ಬಾಚಣಿಗೆಗಳು. ಉಲನ್ ಸಾಲದಿದ್ದರೆ ಹಳೆಯ ಹತ್ತಿ ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದುಕೊಳ್ಳಿ. ಊರಿನ ದರ್ಜಿಯ ಅಂಗಡಿಯಲ್ಲೂ ಉದ್ದನೆಯ ಚೂರುಗಳು ಸಿಗುತ್ತವೆ. ದಪ್ಪ ಪಟ್ಟಿಯಲ್ಲಿ ನೇಯ್ಗೆ ಬೇಗ ಬೆಳೆಯುವುದರಿಂದ ತಾಳ್ಮೆ ಕಡಿಮೆಯಿರುವ ಮಗುವಿಗೆ ಇದೇ ಒಳ್ಳೆಯದು.

ಸೂಜಿಯ ವಿಷಯದಲ್ಲಿ ಎಚ್ಚರ ಬೇಕು. ಮೂರನೇ ತರಗತಿಯವರಿಗೆ ಕಬ್ಬಿಣದ ದಬ್ಬಣ ಕೊಡಬೇಡಿ. ತುದಿ ಮೊಂಡಾದ ಪ್ಲಾಸ್ಟಿಕ್ ಸೂಜಿ ಸಿಗದಿದ್ದರೆ ತಲೆಗೆ ಸಿಕ್ಕಿಸುವ ಹೇರ್‌ಪಿನ್ ಸಾಕು. ಅದರ ಬಾಗಿದ ತುದಿಗೆ ಉಲನ್ ಕಟ್ಟಿದರೆ ಸರಾಗವಾಗಿ ನುಸುಳುತ್ತದೆ, ಯಾರಿಗೂ ಚುಚ್ಚುವುದಿಲ್ಲ.

ಮೊದಲ ಅವಧಿ: ಕಿಟಕಿಯೇ ಮಗ್ಗ

ಮೇಜಿನ ಮೇಲೆ ಚಿಕ್ಕ ಮಗ್ಗವಿಟ್ಟು ತೋರಿಸಿದರೆ ಮುಂದಿನ ಸಾಲಿನವರಿಗೆ ಮಾತ್ರ ಕಾಣುತ್ತದೆ. ಅದರ ಬದಲು ತರಗತಿಯ ಕಿಟಕಿಯ ಬಳಿ ನಿಲ್ಲಿ. ಅಲ್ಲಿ ನೆಟ್ಟಗೆ ನಿಂತ ಕಬ್ಬಿಣದ ಸರಳುಗಳೇ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ದಾರಗಳು. ಒಂದು ಹಳೆಯ ವೇಲನ್ನು ಸುರುಳಿ ಸುತ್ತಿ ಮೊದಲ ಸರಳಿನ ಮುಂದಿನಿಂದ, ಎರಡನೆಯದರ ಹಿಂದಿನಿಂದ, ಮೂರನೆಯದರ ಮುಂದಿನಿಂದ ತೂರಿಸುತ್ತ ಹೋಗಿ. ಅದೇ ಹೊಕ್ಕು, ಅಂದರೆ ಅಡ್ಡಕ್ಕೆ ಸಾಗುವ ದಾರ. ಕೊನೆಯ ಸರಳನ್ನು ಬಳಸಿ ಹಿಂತಿರುಗುವಾಗ ತುಸು ನಿಂತು, ಈಗ ಯಾವ ಕಡೆಯಿಂದ ಹೋಗಬೇಕು ಎಂದು ಮಕ್ಕಳನ್ನೇ ಕೇಳಿ. ಹೋದ ದಾರಿಯಲ್ಲೇ ಹಿಂತಿರುಗಿದರೆ ಏನಾಗುತ್ತದೆ ಎಂಬುದನ್ನೂ ಮಾಡಿ ತೋರಿಸಿ: ತುದಿ ಹಿಡಿದು ಎಳೆದರೆ ಇಡೀ ವೇಲು ಬಿಚ್ಚಿಕೊಂಡು ಕೈಗೆ ಬರುತ್ತದೆ. ಎರಡು ಸಾಲುಗಳು ಒಂದಕ್ಕೊಂದು ಎದುರು ಬದುರಾಗಿ ಹೋದಾಗ ಮಾತ್ರ ಬಟ್ಟೆ ನಿಲ್ಲುತ್ತದೆ ಎಂಬುದು ಆಗ ವಿವರಣೆಯಿಲ್ಲದೆ ತಲೆಗೆ ಹೋಗುತ್ತದೆ.

ಉಳಿದ ಸಮಯದಲ್ಲಿ ಕಾಗದದ ನೇಯ್ಗೆ ಮಾಡಿಸಿ. ಹಾಳೆಯನ್ನು ಅರ್ಧಕ್ಕೆ ಮಡಚಿ, ಮಡಿಕೆಯ ಕಡೆಯಿಂದ ಒಂದೊಂದು ಬೆರಳಗಲಕ್ಕೆ ಕತ್ತರಿಸುತ್ತ ಬಂದು ಅಂಚಿಗೆ ಎರಡು ಬೆರಳು ಉಳಿದಾಗ ನಿಲ್ಲಿಸಬೇಕು. ಬಿಡಿಸಿದಾಗ ಕಾಣುವ ಸೀಳುಗಳಲ್ಲಿ ಬೇರೆ ಬಣ್ಣದ ಪಟ್ಟಿಗಳನ್ನು ತೂರಿಸುವುದು. ಒಂದು, ಎರಡನೇ ತರಗತಿಯವರಿಗೆ ಇಷ್ಟೇ ಸಾಕು.

ಎರಡನೆಯ ಅವಧಿ: ಮಗ್ಗ ಮಾಡುವುದು

ರಟ್ಟನ್ನು 16 ಸೆಂ.ಮೀ. ಅಗಲ, 22 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕತ್ತರಿಸುವ ಮುನ್ನ ರಟ್ಟಿನ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎರಡು ಹಾಳೆಗಳ ನಡುವೆ ಅಲೆ ಅಲೆಯಾದ ಕಾಗದವಿರುತ್ತದೆ, ಒಂದು ಕಡೆಯ ಅಂಚಿನಲ್ಲಿ ಸಾಲಾಗಿ ಚಿಕ್ಕ ತೂತುಗಳು ಕಾಣುತ್ತವೆ. ಆ ಕೊಳವೆಗಳು ಮಗ್ಗದ ಉದ್ದಕ್ಕೇ, ಅಂದರೆ ಹಾಸಿನ ದಾರ ಸಾಗುವ ದಿಕ್ಕಿಗೇ ಇರಬೇಕು. ಅಡ್ಡಕ್ಕಿದ್ದರೆ ದಾರ ಬಿಗಿದೊಡನೆ ರಟ್ಟು ಬಿಲ್ಲಿನಂತೆ ಬಾಗುತ್ತದೆ, ಮೂರನೆಯ ವಾರದ ಹೊತ್ತಿಗೆ ಮಡಚಿಯೇ ಹೋಗುತ್ತದೆ. ಇದನ್ನು ಮೊದಲೇ ನೋಡಿಕೊಂಡರೆ ಮುಂದಿನ ಅರ್ಧ ತೊಂದರೆ ಇರುವುದಿಲ್ಲ.

ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಎಡದಿಂದ ಒಂದು ಸೆಂ.ಮೀ. ಬಿಟ್ಟು, ಸೆಂ.ಮೀ.ಗೊಂದರಂತೆ ಗುರುತು ಹಾಕಿದರೆ 15 ಗುರುತುಗಳಾಗುತ್ತವೆ. ಪ್ರತಿ ಗುರುತಿನಲ್ಲೂ ಒಂದು ಸೆಂ.ಮೀ. ಆಳಕ್ಕೆ ಕಚ್ಚು ಹಾಕಬೇಕು. ಐದನೇ ತರಗತಿಯವರು ಅಳೆಯುವುದನ್ನೂ ಕತ್ತರಿಸುವುದನ್ನೂ ತಾವೇ ಮಾಡಲಿ, ಗಣಿತದ ಅಳತೆಯ ಪಾಠ ಇಲ್ಲಿ ಕೈಗೆ ಬರುತ್ತದೆ. ಮೂರನೆಯವರಿಗೆ ಕಚ್ಚುಗಳನ್ನು ನೀವೇ ಹಾಕಿಕೊಡಿ. ದಪ್ಪ ರಟ್ಟಿಗೆ ಅವರ ಬೆರಳಿನ ಬಲ ಸಾಲದು. ಹಿಂಬದಿಯಲ್ಲಿ ಹೆಸರು, ತರಗತಿ ಬರೆಸಿ.

ಹಾಸು ಕಟ್ಟುವುದು

ಹಾಸಿನ ದಾರಕ್ಕೆ ಉಲನ್ ಬೇಡ. ಅದು ಎಳೆದಷ್ಟೂ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಿಗ್ಗದ ಹತ್ತಿ ದಾರವೇ ಆಗಬೇಕು. ಈ ಅಳತೆಯ ಮಗ್ಗವೊಂದಕ್ಕೆ ಸುಮಾರು ಮೂರೂವರೆ ಮೀಟರ್ ದಾರ ಹಿಡಿಯುತ್ತದೆ, ಮುಂಚಿತವಾಗಿ ಕತ್ತರಿಸಿ ಸಣ್ಣ ಉಂಡೆ ಸುತ್ತಿಟ್ಟುಕೊಳ್ಳಿ.

ದಾರದ ತುದಿಯನ್ನು ರಟ್ಟಿನ ಹಿಂದೆ ಟೇಪ್ ಹಾಕಿ ಅಂಟಿಸಿ. ಮೇಲಿನ ಮೊದಲ ಕಚ್ಚಿನಿಂದ ಮುಂದಕ್ಕೆ ತಂದು ನೇರವಾಗಿ ಕೆಳಗಿನ ಮೊದಲ ಕಚ್ಚಿಗೆ ಇಳಿಸಿ. ಅಲ್ಲಿಂದ ಪಕ್ಕದ ಹಲ್ಲನ್ನು, ಅಂದರೆ ಎರಡು ಕಚ್ಚುಗಳ ನಡುವಿನ ರಟ್ಟನ್ನು, ಹಿಂದಿನಿಂದ ಬಳಸಿ ಕೆಳಗಿನ ಎರಡನೇ ಕಚ್ಚಿನಲ್ಲಿ ಮುಂದೆ ತಂದು ಮೇಲಿನ ಎರಡನೆಯದಕ್ಕೆ ಏರಿಸಿ. ಹೀಗೆ ಏರಿಳಿಯುತ್ತ 15ನೆಯದರಲ್ಲಿ ಮುಗಿಸಿ, ತುದಿಯನ್ನು ಹಿಂದೆ ಅಂಟಿಸಿದರೆ ದಾರಗಳೆಲ್ಲ ಮುಂಬದಿಯಲ್ಲೇ ಇರುತ್ತವೆ, ಹಿಂಬದಿ ಖಾಲಿ ಇರುತ್ತದೆ. ಬೆರಳಿನಿಂದ ಮೀಟಿದರೆ ಸ್ವಲ್ಪ ಕಂಪಿಸುವಷ್ಟು ಬಿಗಿ ಇರಲಿ, ರಟ್ಟು ಬಾಗುವಷ್ಟು ಬೇಡ.

ಈಗ ಎರಡು ತೆಂಗಿನ ಕಡ್ಡಿಗಳನ್ನು ಮಗ್ಗದ ಉದ್ದಕ್ಕೆ ಮುರಿದು, ಮೊದಲ ಹಾಗೂ ಕೊನೆಯ ದಾರದ ಪಕ್ಕಕ್ಕೆ ಒಂದೊಂದನ್ನು ಇಟ್ಟು ಎರಡೂ ತುದಿಗಳಿಗೆ ಟೇಪ್ ಹಾಕಿ. ನೇಯುವಾಗ ಕಡ್ಡಿ ಮತ್ತು ದಾರ ಎರಡನ್ನೂ ಸೇರಿಸಿ ಒಂದೇ ದಾರವೆಂದು ಎಣಿಸಬೇಕು. ಈ ಕಡ್ಡಿಗಳ ಕೆಲಸವೇನೆಂಬುದು ಮುಂದೆ ತಿಳಿಯುತ್ತದೆ. ಕೆಳಭಾಗದಲ್ಲಿ ನಾಲ್ಕು ಸೆಂ.ಮೀ. ಅಗಲದ ದಪ್ಪ ಕಾಗದದ ಪಟ್ಟಿಯೊಂದನ್ನು ಮೇಲೆ ಕೆಳಗೆ ತೂರಿಸಿಡಿ. ಕೊನೆಯಲ್ಲಿ ಗಂಟು ಹಾಕಲು ಬೇಕಾದ ದಾರ ಅಲ್ಲಿ ಉಳಿಯುತ್ತದೆ, ನೇಯ್ಗೆಯ ಮೊದಲ ಸಾಲಿಗೆ ಒರಗಲು ನೇರವಾದ ಅಂಚೂ ಸಿಗುತ್ತದೆ.

ನೇಯಲು ಕುಳಿತಾಗ

ಹೊಕ್ಕಿನ ದಾರ ಮಗುವಿನ ಚಾಚಿದ ತೋಳಿಗಿಂತ ಉದ್ದವಿರಬಾರದು. ಉದ್ದ ದಾರವಾದರೆ ಮತ್ತೆ ಮತ್ತೆ ಸೇರಿಸುವ ಗೋಜಿಲ್ಲ ಎಂದು ಮಕ್ಕಳು ಮಾರುಗಟ್ಟಲೆ ಕೇಳುತ್ತಾರೆ. ಎರಡೇ ಸಾಲಿಗೆ ಅದು ಸಿಕ್ಕುಸಿಕ್ಕಾಗಿ, ಬಿಡಿಸುವುದರಲ್ಲೇ ಅವಧಿ ಮುಗಿದುಹೋಗುತ್ತದೆ. ಉಲನ್ ತೆಳ್ಳಗಿದ್ದರೆ ಜೋಡಿ ಎಳೆ ಮಾಡಿಕೊಳ್ಳಿ.

ಮಕ್ಕಳಿಗೆ ಕಲಿಸಬೇಕಾದ ನಿಯಮ ಒಂದೇ. ಸಾಲಿನ ಕೊನೆಯ ದಾರದ ಮೇಲಿನಿಂದ ಹೋಗಿದ್ದರೆ ಅದರ ಕೆಳಗಿನಿಂದ ಬಾ, ಕೆಳಗಿನಿಂದ ಹೋಗಿದ್ದರೆ ಮೇಲಿನಿಂದ ಬಾ. ಪ್ರತಿ ಸಾಲಿನ ನಂತರ ಬಾಚಣಿಗೆಯ ಹಲ್ಲುಗಳನ್ನು ಹಾಸಿನ ನಡುವೆ ಇಳಿಸಿ ಹೊಕ್ಕನ್ನು ಕೆಳಕ್ಕೆ ಒತ್ತಬೇಕು. ದೊಡ್ಡ ಮಗ್ಗದಲ್ಲಿ ಹಣಿಗೆ ಎಂಬ ಭಾಗ ಮಾಡುವ ಕೆಲಸವನ್ನು ಇಲ್ಲಿ ಬಾಚಣಿಗೆ ಮಾಡುತ್ತದೆ.

ಎಡಗೈ ಮಕ್ಕಳು ಎಡಗಡೆಯಿಂದ ಶುರು ಮಾಡಿದರೆ ಮಾಡಲಿ. ಯಾವ ಕಡೆಯಿಂದ ಹೊರಟರೂ ಬಟ್ಟೆ ಒಂದೇ.

ನಡು ಸಣ್ಣಗಾಗುವ ತೊಂದರೆ

ಹತ್ತು ಸಾಲು ನೇಯುವ ಹೊತ್ತಿಗೆ ಬಹುಪಾಲು ಮಕ್ಕಳ ನೇಯ್ಗೆ ಕೆಳಗೆ ಅಗಲವಾಗಿ, ಮೇಲೆ ಹೋದಂತೆ ಒಳಗೆ ಜಗ್ಗಿಕೊಂಡಿರುತ್ತದೆ. ಕಾರಣ ತಿಳಿಯಬೇಕಾದರೆ ಮಗುವಿನ ಪಕ್ಕ ಕುಳಿತು ಅದರ ಕೈಯನ್ನೇ ನೋಡಿ. ಹೇರ್‌ಪಿನ್ ಹಾಸಿನ ನಡುವೆ ನಿಧಾನವಾಗಿ, ಜೋಪಾನವಾಗಿ ನುಸುಳುತ್ತದೆ. ನಾಲಿಗೆ ತುಟಿಯ ಅಂಚಿಗೆ ಬಂದಿರುತ್ತದೆ. ಕೊನೆಯ ದಾರ ದಾಟಿದ್ದೇ ತಡ, ಗೆದ್ದ ಖುಷಿಯಲ್ಲಿ ಕೈ ಮೇಲೆತ್ತಿ ಉಲನ್ನನ್ನು ಕೊನೆಯವರೆಗೂ ಜಗ್ಗಿಬಿಡುತ್ತದೆ. ಆ ಒಂದು ಎಳೆತಕ್ಕೆ ಅಂಚಿನ ಹಾಸು ಒಂದು ಕೂದಲೆಳೆಯಷ್ಟು ಒಳಗೆ ಬರುತ್ತದೆ. ಮರುಸಾಲಿನಲ್ಲಿ ಇನ್ನಷ್ಟು.

ಎಳೆಯಬೇಡ ಎಂದು ಹತ್ತು ಸಲ ಹೇಳಿದರೂ ಪ್ರಯೋಜನವಿಲ್ಲ. ಎಳೆಯುವ ಬದಲು ಏನು ಮಾಡಬೇಕೆಂದು ಹೇಳಿ. ಪ್ರತಿ ಸಾಲಿನಲ್ಲೂ ಹೊಕ್ಕನ್ನು ನೇರವಾಗಿ ಮಲಗಿಸದೆ ಚಿಕ್ಕ ಗುಡ್ಡದ ಹಾಗೆ ಮೇಲಕ್ಕೆ ಬಾಗಿಸಿ ಇಡಬೇಕು. ಮೊದಲು ಗುಡ್ಡದ ನೆತ್ತಿಯನ್ನು ಬೆರಳಿನಿಂದ ಒತ್ತಿ, ಆಮೇಲೆ ಎರಡೂ ಇಳಿಜಾರುಗಳನ್ನು ಬಾಚಣಿಗೆಯಿಂದ ಒತ್ತಬೇಕು. ಗುಡ್ಡದಲ್ಲಿದ್ದ ಹೆಚ್ಚುವರಿ ದಾರವೇ ಹಾಸಿನ ಸುತ್ತ ಬಳಸಿ ಕೂರುತ್ತದೆ, ಅಂಚಿನ ದಾರವನ್ನು ಒಳಗೆ ಕರೆಯುವುದಿಲ್ಲ. ಸಾಲು ಮುಗಿದಾಗಲೆಲ್ಲ ಗುಡ್ಡ ಕಟ್ಟಿದೆಯಾ ಎಂದು ಕೇಳಿದರೆ ಮಕ್ಕಳು ತಾವೇ ನೆನಪಿಟ್ಟುಕೊಳ್ಳುತ್ತಾರೆ. ಇಷ್ಟಾದರೂ ಕೈ ಜಗ್ಗಿದಾಗ ಅಂಚನ್ನು ಕಾಯುವುದಕ್ಕೇ ಆ ಎರಡು ತೆಂಗಿನ ಕಡ್ಡಿಗಳಿರುವುದು.

ಇನ್ನು ತಪ್ಪಿದ ಸಾಲುಗಳು. ಎರಡು ದಾರ ಒಟ್ಟಿಗೆ ದಾಟಿರುವುದು, ಅಂಚಿನದು ಬಿಟ್ಟುಹೋಗಿರುವುದು ಸಾಮಾನ್ಯ. ತಪ್ಪು ಈಗಿನ ಸಾಲಿನಲ್ಲೋ ಹಿಂದಿನದರಲ್ಲೋ ಇದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿಸಿ. ನಾಲ್ಕೈದು ಸಾಲು ಕೆಳಗಿದ್ದರೆ ಹಾಗೆಯೇ ಬಿಡಿ. ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುವ ಮೊದಲು ಮಗುವಿಗೇ ಹುಡುಕಲು ಸಮಯ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮಗ್ಗವನ್ನು ಅದರ ಕೈಯಿಂದ ತೆಗೆದುಕೊಂಡು ನೀವೇ ನಾಲ್ಕು ಸಾಲು ನೇಯ್ದು ಸರಿಮಾಡಿಕೊಡಬೇಡಿ. ಪ್ರದರ್ಶನದ ದಿನ ಹತ್ತಿರ ಬಂದಾಗ ಶಿಕ್ಷಕರಿಗೆ ಈ ಆಸೆ ಬಲವಾಗುತ್ತದೆ. ಅಂಚು ಸೊಟ್ಟಗಿರಲಿ, ಅರ್ಧವೇ ಆಗಿರಲಿ, ಅದು ಆ ಮಗು ನೇಯ್ದ ಬಟ್ಟೆ. ನಿಮ್ಮ ನಾಲ್ಕು ಸಾಲು ಸೇರಿದರೆ ಅದಕ್ಕೂ ಗೊತ್ತಾಗುತ್ತದೆ. ಬೇಕಿದ್ದರೆ ನಿಮ್ಮದೇ ಒಂದು ಮಗ್ಗ ಇಟ್ಟುಕೊಂಡು ಅದರಲ್ಲಿ ತೋರಿಸಿ.

ಬಣ್ಣ ಬದಲಿಸುವುದು

ಹೊಸ ದಾರವನ್ನು ಹಳೆಯದಕ್ಕೆ ಗಂಟು ಹಾಕಬೇಡಿ, ಗಂಟು ಮುಂಬದಿಗೆ ಎದ್ದು ಕಾಣುತ್ತದೆ. ಹಳೆಯ ದಾರ ಮುಗಿಯುವಲ್ಲಿ ನಾಲ್ಕು ಹಾಸುಗಳಷ್ಟು ದೂರ ಹೊಸದನ್ನು ಅದರ ಮೇಲೆಯೇ ಜೊತೆಯಾಗಿ ನೇಯಿಸಿ, ತುದಿಗಳನ್ನು ಹಿಂದಕ್ಕೆ ಬಿಡಿ.

ಒಂದೇ ಬಣ್ಣದಲ್ಲಿ ಐದಾರು ಸಾಲು, ಆಮೇಲೆ ಇನ್ನೊಂದು, ಇದು ಅಡ್ಡಪಟ್ಟಿ; ಎಲ್ಲರಿಗೂ ಬರುತ್ತದೆ. ಮಕ್ಕಳನ್ನು ನಿಜಕ್ಕೂ ಬೆರಗುಗೊಳಿಸುವುದು ಮುಂದಿನದು. ಎರಡು ಬಣ್ಣ ತೆಗೆದುಕೊಂಡು ಒಂದು ಸಾಲು ಕೆಂಪು, ಒಂದು ಸಾಲು ಹಳದಿಯಂತೆ ಬಿಡದೆ ನೇಯಿಸಿ, ಚೆನ್ನಾಗಿ ಒತ್ತಿಸಿ. ನೇಯ್ದದ್ದು ಅಡ್ಡಕ್ಕೆ, ಮೂಡಿದ್ದು ನೆಟ್ಟಗಿನ ಪಟ್ಟಿ! ಕೆಂಪು ಯಾವಾಗಲೂ ಒಂದು ಬಿಟ್ಟು ಒಂದು ಹಾಸಿನ ಮೇಲೆ ಬರುವುದರಿಂದ ಕೆಂಪಿನ ಮೇಲೆ ಕೆಂಪೇ ಕೂರುತ್ತ ಹೋಗುತ್ತದೆ. ಕಾರಣವನ್ನು ಮೊದಲೇ ಹೇಳಬೇಡಿ, ಐದನೇ ತರಗತಿಯವರು ಮಗ್ಗ ತಿರುಗಿಸಿ ನೋಡಿ ತಾವೇ ಕಂಡುಕೊಳ್ಳುತ್ತಾರೆ. ಒಂದರ ಬದಲು ಎರಡೆರಡು ಸಾಲು ನೇಯಿಸಿದರೆ ಪಟ್ಟಿಗಳ ಜಾಗದಲ್ಲಿ ಅಲೆಗಳು ಬರುತ್ತವೆ.

ಹಾಸನ್ನು ಪೂರ್ತಿ ಮುಚ್ಚಿ ಹೊಕ್ಕು ಮಾತ್ರ ಕಾಣುವ ಈ ನೇಯ್ಗೆ ಸೀರೆಗಿಂತ ಜಮಖಾನಕ್ಕೆ ಹತ್ತಿರ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಹತ್ತಿ ಜಮಖಾನಗಳಲ್ಲಿ ನವಿಲು, ಪಗಡೆಯ ಚೌಕ ಮೂಡುವುದು ಹೀಗೆ ಹೊಕ್ಕಿನ ಬಣ್ಣ ಬದಲಿಸುವುದರಿಂದಲೇ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಚೌಕುಳಿ ಹಾಳೆಯಲ್ಲಿ ಒಂದು ಸರಳ ನವಿಲನ್ನು ಮನೆ ಮನೆಯಾಗಿ ಬಣ್ಣ ತುಂಬಿ ಬರೆಸಿದರೆ ಬಟ್ಟೆಯ ಚಿತ್ರ ಏಕೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ ಎಂಬುದು ಅರ್ಥವಾಗುತ್ತದೆ. ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣ ಮನೆಯಲ್ಲಿದ್ದರೆ ತರಿಸಿ ಭೂತಗನ್ನಡಿ ಕೊಡಿ. ತಮ್ಮ ರಟ್ಟಿನ ಮೇಲಿನ ಮೇಲೆ ಕೆಳಗಿನ ಆಟವೇ ಅಲ್ಲಿ ಕಣ್ಣಿಗೆ ಕಾಣದಷ್ಟು ನಯವಾಗಿ ನಡೆದಿರುವುದನ್ನು ಅವರು ನೋಡಬೇಕು.

ಮಗ್ಗದಿಂದ ಬಿಡಿಸುವುದು

ಮೇಲಿನ ಅಂಚಿಗೆ ಎರಡು ಬೆರಳು ಉಳಿದಾಗ ನೇಯ್ಗೆ ನಿಲ್ಲಿಸಿ. ಪಕ್ಕದ ಕಡ್ಡಿಗಳನ್ನು ಮೆಲ್ಲನೆ ಎಳೆದು ತೆಗೆಯಿರಿ, ಕೆಳಗಿನ ಕಾಗದದ ಪಟ್ಟಿಯನ್ನೂ ತೆಗೆಯಿರಿ. ಕೆಳಗಡೆ ಹಾಸನ್ನು ಕಚ್ಚಿನ ಬಳಿ ಕತ್ತರಿಸಿ, ಎರಡೆರಡು ದಾರ ಸೇರಿಸಿ ಬಟ್ಟೆಯ ಅಂಚಿಗೆ ತಾಗುವಂತೆ ಗಂಟು ಹಾಕಿಸಿ. ಕೊನೆಗೆ ಮೂರು ಉಳಿಯುತ್ತವೆ, ಮೂರಕ್ಕೂ ಸೇರಿ ಒಂದೇ ಗಂಟು. ಮೇಲಿನ ಕುಣಿಕೆಗಳನ್ನು ಕತ್ತರಿಸದೆ ಹಲ್ಲುಗಳಿಂದ ಕಳಚಿ, ಅವುಗಳೊಳಗೆ ಒಂದು ಒಣ ಕಡ್ಡಿ ತೂರಿಸಿ, ಒಂಟಿಯಾಗಿ ಉಳಿದ ತುದಿಯನ್ನು ಅದಕ್ಕೇ ಕಟ್ಟಿದರೆ ಗೋಡೆಗೆ ತೂಗುಹಾಕಲು ಸಿದ್ಧ. ರಟ್ಟು ಮುರಿದಿರದಿದ್ದರೆ ಅದೇ ಮಗ್ಗಕ್ಕೆ ಮತ್ತೆ ಹಾಸು ಕಟ್ಟಬಹುದು.

ಬೇಗ ಮುಗಿಸಿದವರಿಗೆ ದುಂಡು ನೇಯ್ಗೆ ಕೊಡಿ. ರಟ್ಟಿನ ಬಿಲ್ಲೆಯ ನಡುವೆ ಒಂದು ತೂತು, ಅಂಚಿನ ಸುತ್ತ 15 ಕಚ್ಚು. ದಾರವನ್ನು ನಡುವಿನ ತೂತಿನಿಂದ ಅಂಚಿನ ಕಚ್ಚಿಗೆ, ಹಿಂದಿನಿಂದ ಮತ್ತೆ ತೂತಿಗೆ ತಂದು ಸುತ್ತಿದರೆ 15 ಅರಗಳಾಗುತ್ತವೆ. ನಡುವಿನಿಂದ ಹೊರಟು ಸುತ್ತ ಸುತ್ತ ನೇಯಬೇಕು. ಇಲ್ಲಿ ಅರಗಳ ಸಂಖ್ಯೆ ಬೆಸವಾಗಿರಲೇಬೇಕು. ಬೆಸವಾಗಿದ್ದರೆ ಮೊದಲ ಸುತ್ತಿನಲ್ಲಿ ಮೇಲೆ ದಾಟಿದ ಅರವನ್ನು ಎರಡನೇ ಸುತ್ತಿನಲ್ಲಿ ದಾರ ತಾನಾಗಿಯೇ ಕೆಳಗಿನಿಂದ ದಾಟುತ್ತದೆ. 14 ಅಥವಾ 16 ಇದ್ದರೆ ಪ್ರತಿ ಸುತ್ತೂ ಹಿಂದಿನ ದಾರಿಯಲ್ಲೇ ಸಾಗಿ ನೇಯ್ಗೆ ಕಟ್ಟಿಕೊಳ್ಳುವುದೇ ಇಲ್ಲ. ಸಮ ಬೆಸ ಸಂಖ್ಯೆಯ ಪಾಠ ಮುಗಿಸಿದ ವಾರವೇ ಎರಡು ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟು ಇದನ್ನು ಮಾಡಿಸಿ.